ಕೆಂಪು ಚೀಟಿಯ ಮೈಕ್ರೋಮೀಟರುಗಳು

ನನಗೆ ಸಿಟ್ಟು ಬೇಗ ಬರುತ್ತದೆ. ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ ಇದು ಗೇಟಿನ ವಾಚ್‌ಮನ್‌ಗೂ ಗೊತ್ತು. ಅಳತೆಯ ಉಪಕರಣಗಳನ್ನು ಪರೀಕ್ಷಿಸುವ ಕೋಣೆ ಮೂವತ್ತೊಂದು ವರ್ಷದಿಂದ ನನ್ನ ಸುಪರ್ದಿಯಲ್ಲಿದೆ. 'ಸುಬ್ರಹ್ಮಣ್ಯ ಸಾರ್ ರೂಮು' ಎಂದರೆ ಹುಡುಗರು ಚಪ್ಪಲಿ ಹೊರಗೆ ಬಿಟ್ಟು, ಬಾಯಿ ಮುಚ್ಚಿಕೊಂಡು ಒಳಗೆ ಬರುತ್ತಾರೆ. ತಲೆಗೂದಲಿನ ದಪ್ಪವನ್ನೂ ಅಳೆಯುವ ಮೈಕ್ರೋಮೀಟರು ಒಂದು ಗೆರೆ ತಪ್ಪು ತೋರಿಸಿದರೂ ನನ್ನ ಕೈ ದಾಟುವುದಿಲ್ಲ. ಒಂದು ಗೆರೆ ಎಂದರೆ ಮಿಲಿಮೀಟರಿನ ನೂರನೇ ಒಂದು ಭಾಗ.

ಸವೆದು ಹೋದ ಉಪಕರಣಕ್ಕೆ ಕೆಂಪು ಚೀಟಿ ಅಂಟಿಸಬೇಕು. ಆಮೇಲೆ ಯಾರೂ ಬಳಸದ ಹಾಗೆ ಗರಗಸದಲ್ಲಿ ಎರಡು ತುಂಡು ಮಾಡಬೇಕು. ಈ ನಿಯಮ ತಂದವನು ನಾನೇ. ಕಳೆದ ವರ್ಷ ಆಯುಧಪೂಜೆ ಮುಗಿದ ಮೇಲೆ ಹನ್ನೊಂದು ಮೈಕ್ರೋಮೀಟರುಗಳ ಸರದಿ ಬಂತು. ಪೂಜೆಯ ದಿನ ಅವಕ್ಕೆ ಅರಿಶಿನ ಕುಂಕುಮ ಹಚ್ಚಿ ಕೈಮುಗಿದಿದ್ದೆ. ಕೆಲವಂತೂ ನಾನು ಕೆಲಸಕ್ಕೆ ಸೇರಿದ ದಿನದಿಂದ ಜೊತೆಗಿದ್ದವು. ಗರಗಸ ಇಡಲು ಮನಸ್ಸು ಬರಲಿಲ್ಲ. ಪೆಟ್ಟಿಗೆಗೆ ಹಾಕಿ ಮೇಜಿನ ಕೆಳಗೆ ತಳ್ಳಿದೆ. ದಾಖಲೆ ಪುಸ್ತಕದಲ್ಲಿ ಮಾತ್ರ 'ತುಂಡು ಮಾಡಲಾಗಿದೆ' ಎಂದು ಬರೆದು ಸಹಿ ಹಾಕಿಬಿಟ್ಟೆ. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಅವರ ಜನ್ಮ ಜಾಲಾಡುತ್ತಿದ್ದೆ.

ಕೆಲವು ದಿನಗಳ ಮೇಲೆ ಪೆಟ್ಟಿಗೆ ಕಾಣಲಿಲ್ಲ. ಗುಜರಿಗೆ ಹೋಗಿರಬೇಕು, ಪೀಡೆ ತೊಲಗಿತು ಎಂದುಕೊಂಡು ಸುಮ್ಮನಾದೆ.

ನಮ್ಮ ಕಾರ್ಖಾನೆಯಲ್ಲಿ ವರ್ಷಕ್ಕೊಮ್ಮೆ ಎಲ್ಲರೂ ಒಂದು ದಿನದ ಸಂಬಳ ಬಿಟ್ಟುಕೊಡುತ್ತೇವೆ. ಅದು ಮಾದನಾಯಕನಹಳ್ಳಿಯ ಒಂದು ಶಾಲೆಗೆ ಹೋಗುತ್ತದೆ. ಗೋದಾಮುಗಳ ಹಮಾಲರ, ಕಟ್ಟಡ ಕೆಲಸದವರ ಮಕ್ಕಳು ಓದುವ ಶಾಲೆ ಅದು. ಅಲ್ಲಿನ ವಿಜ್ಞಾನದ ಕೋಣೆ ಕಟ್ಟಿದ್ದು ಆ ಹಣದಲ್ಲಿ, ಅದರ ಟೀಚರ್‌ಗೆ ಸಂಬಳ ಸಿಗುವುದೂ ಆ ಹಣದಲ್ಲೇ. ಹನ್ನೆರಡು ವರ್ಷದಿಂದ ಕೊಡುತ್ತಿದ್ದೇನೆ, ಒಮ್ಮೆಯೂ ಹೋಗಿ ನೋಡಿರಲಿಲ್ಲ. ಈ ವರ್ಷ ವಂತಿಗೆಯ ಪಟ್ಟಿಗೆ ಸಹಿ ಮಾಡಿಸಿಕೊಳ್ಳಲು ಬಂದ ಸ್ಟೋರ್ಸಿನ ಲೋಕೇಶ್ ಹಲ್ಲು ಕಿರಿದು ಹೇಳಿದ:

"ಸಾರ್, ಹೋದ್ವರ್ಷ ದುಡ್ಡಿನ ಜೊತೆ ನಿಮ್ ಟೇಬಲ್ ಕೆಳಗಿದ್ದ ಪೆಟ್ಟಿಗೇನೂ ಸ್ಕೂಲಿಗೆ ಕಳ್ಸ್ಬಿಟ್ಟೆ. ಸುಮ್ನೆ ಬಿದ್ದಿತ್ತಲ್ಲ, ಮಕ್ಕಳಿಗಾದ್ರೂ ಆಗತ್ತೆ ಅಂತ."

"ಯಾವನೋ ನಿಂಗೆ ಹೇಳಿದ್ದು?" ಎಂದು ನಾನು ಕೂಗಿದ್ದಕ್ಕೆ ಪಕ್ಕದ ಲೇತ್ ನಿಂತುಹೋಯಿತು. ಆದರೆ ತಪ್ಪು ಅವನದಲ್ಲ, ನನ್ನದು ಎಂದು ಆಗಲೇ ನನಗೆ ಗೊತ್ತಿತ್ತು. ನಾನು ಸುಳ್ಳು ಬರೆದದ್ದರಿಂದ ಒಂದು ವರ್ಷದಿಂದ ಮಕ್ಕಳು ತಪ್ಪು ಅಳತೆ ಕಲಿಯುತ್ತಿದ್ದಾರೆ. ಎಲ್ಲವನ್ನೂ ವಾಪಸು ತಂದು, ನಿಂತು ತುಂಡು ಮಾಡಿಸಬೇಕು. ಶನಿವಾರ ಮಧ್ಯಾಹ್ನ ಸ್ಕೂಟರ್ ಹತ್ತಿ ತುಮಕೂರು ರಸ್ತೆ ಹಿಡಿದೆ.

ವಿಜ್ಞಾನದ ಟೀಚರ್ ಪ್ರಿಯಂವದಾ ಮೂವತ್ತರ ಆಸುಪಾಸಿನವರು. ನಾನು ಪೀಠಿಕೆಯಿಲ್ಲದೆ ವಿಷಯ ಹೇಳಿದೆ. ಅವರ ಮುಖ ಇಳಿದುಹೋಯಿತು.

"ಈ ರೂಮಲ್ಲಿ ಮಕ್ಕಳು ಕೈಯಲ್ಲಿ ಹಿಡಿದು ಕಲಿಯೋಕೆ ಇರೋದು ಅವು ಮಾತ್ರ ಸಾರ್. ತಗೊಂಡ್ಹೋದ್ರೆ ಬರೀ ಗೋಡೆ ಉಳಿಯತ್ತೆ."

"ಅವು ಕೆಟ್ಟಿರೋ ಸಾಮಾನು ಮೇಡಂ. ತಪ್ಪು ತೋರಿಸ್ತವೆ."

"ಗೊತ್ತೈತ್ರಿ ಸಾರ್," ಎಂದಿತು ಹಿಂದಿನಿಂದ ಒಂದು ದನಿ.

ತಿರುಗಿ ನೋಡಿದೆ. ಏಳನೇ ತರಗತಿಯ ಹುಡುಗಿ, ಹೆಸರು ಹುಲಿಗೆಮ್ಮ. ತಂದೆ ಮರೆಪ್ಪ ರಾಯಚೂರಿನ ಕಡೆಯವನು, ಇಲ್ಲಿ ಗೋದಾಮಿನಲ್ಲಿ ಮೂಟೆ ಹೊರುತ್ತಾನೆ. ಅವಳ ಕೈಯಲ್ಲಿ ನನ್ನ ಮೈಕ್ರೋಮೀಟರೊಂದಿತ್ತು. ಕೆಂಪು ಚೀಟಿ ಹಾಗೇ ಇತ್ತು.

"ಇದು ಸಣ್ಣದು ಅಳದ್ರ ಎರಡು ಗೆರಿ ಜಾಸ್ತಿ ತೋರಸ್ತೈತ್ರಿ. ದಪ್ಪಂದು ಅಳದ್ರ ಆರು ಗೆರಿ ಜಾಸ್ತಿ."

"ಯಾರು ಹೇಳಿದ್ದು ನಿಂಗೆ?"

"ಯಾರೂ ಹೇಳಿಲ್ರಿ. ಮೊದ್ಲ ದಿನ ಹನ್ನೊಂದ್ರಾಗೂ ಒಂದೇ ಮೊಳಿ ಅಳದ್ವಿ. ಹನ್ನೊಂದು ಬ್ಯಾರೆ ಬ್ಯಾರೆ ಬಂತ್ರಿ. ಯಾವ್ದು ಖರೆ ಅಂತ ತಿಳೀಲಿಲ್ಲ."

ಆಗ ಮಕ್ಕಳು ಸೈಕಲ್ ಶಾಪಿನ ಮುನಿಕೃಷ್ಣನ ಹತ್ತಿರ ಹೋಗಿದ್ದಾರೆ. ಮುಂದಿನ ಚಕ್ರದ ಬೇರಿಂಗ್ ಗುಂಡು ಸಣ್ಣ ಅಳತೆ, ಹಿಂದಿನ ಚಕ್ರದ್ದು ದೊಡ್ಡದು. ಎರಡೂ ಪೊಟ್ಟಣದ ಮೇಲೆ ಅಚ್ಚಾಗಿರುತ್ತವೆ. ಅವನಿಂದ ಹೊಸ ಗುಂಡುಗಳನ್ನು ಇಸಿದುಕೊಂಡು ಬಂದು ಒಂದೊಂದು ಮೈಕ್ರೋಮೀಟರಿನ ಬಾಯಿಗೂ ಅವನ್ನಿಟ್ಟು ಹತ್ತು ಹತ್ತು ಸಲ ಅಳೆದಿದ್ದಾರೆ. ಯಾವುದು ಎಲ್ಲಿ ಎಷ್ಟು ತಪ್ಪುತ್ತದೆ ಎಂಬುದೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಬರೆದಿತ್ತು. ನಮ್ಮ ಕೋಣೆಯಲ್ಲಿ ಎಸಿ ಹಾಕಿ, ಜರ್ಮನಿಯಿಂದ ತರಿಸಿದ ಕರಾರುವಾಕ್ಕಾದ ಅಳತೆಯ ಉಕ್ಕಿನ ತುಂಡುಗಳನ್ನಿಟ್ಟುಕೊಂಡು ನಾನು ಮಾಡುವ ಕೆಲಸವೂ ಇದೇ.

ನಂಬಿಕೆ ಬರಲಿಲ್ಲ. ತಪ್ಪು ತೋರಿಸಿಕೊಡಲೆಂದು ಜೇಬಿನಲ್ಲಿ ಒಂದು ಅಳತೆ ಪಿನ್ನು ತಂದಿದ್ದೆ. ಅದರ ಗಾತ್ರ ಡಬ್ಬಿಯ ಮೇಲಷ್ಟೇ ಇತ್ತು. ಡಬ್ಬಿಯನ್ನು ಜೇಬಿನಲ್ಲೇ ಉಳಿಸಿಕೊಂಡು ಪಿನ್ನನ್ನು ಮಾತ್ರ ಕೊಟ್ಟೆ.

ಅವಳು ಪಿನ್ನನ್ನು ಲಂಗದ ಅಂಚಿನಿಂದ ಒರೆಸಿದಳು. ತಿರುಪನ್ನು ಹೆಚ್ಚು ಬಿಗಿಯದೆ, ಮೆಲ್ಲಗೆ ಮೂರು ಸಲ ಕಟಕಟ ಎನಿಸಿ ನಿಲ್ಲಿಸಿದಳು. ಕಾರ್ಖಾನೆಯ ಹುಡುಗರಿಗೆ ಇಷ್ಟು ಕಲಿಸಲು ನನಗೆ ಆರು ತಿಂಗಳು ಹಿಡಿಯುತ್ತದೆ.

"ಐದು ಪಾಯಿಂಟ್ ಐದು ನಾಕು ತೋರಸಾಕತ್ತೈತಿ," ಎಂದಳು. ಪುಸ್ತಕ ನೋಡಿದಳು. "ಮುಂದಿನ ಗುಂಡಿಗಿ ಎರಡು ಗೆರಿ ಜಾಸ್ತಿ, ಹಿಂದಿನ ಗುಂಡಿಗಿ ಆರು. ಇದು ಎರಡರ ನಡುವೆ ಐತಿ. ಅಂದ್ರ ನಾಕು ಕಳೀಬೇಕು. ಐದೂವರಿ ಐತ್ರಿ ಸಾರ್."

ಜೇಬಿನಿಂದ ಡಬ್ಬಿ ತೆಗೆದು ನೋಡಿದೆ. ಐದೂವರೆ ಮಿಲಿಮೀಟರು ಎಂದೇ ಇತ್ತು. ಇಷ್ಟು ವರ್ಷದಲ್ಲಿ ಎಷ್ಟೋ ಇಂಜಿನಿಯರುಗಳನ್ನು ಕಂಡಿದ್ದೇನೆ, ಯಾರ ಮುಂದೆಯೂ ನಾನು ಹೀಗೆ ಚಿಕ್ಕವನಾಗಿರಲಿಲ್ಲ. ಆದರೂ ಅದು ಅವಮಾನ ಅನಿಸಲಿಲ್ಲ, ಬಹಳ ಸಂತೋಷವಾಗಿತ್ತು.

ಅವಳು ಮೈಕ್ರೋಮೀಟರನ್ನು ಎದೆಗೊತ್ತಿಕೊಂಡು ಕೇಳಿದಳು: "ಇವನ್ನ ಮುರೀತೀರೇನ್ರಿ?"

"ಇಲ್ಲಮ್ಮ. ಎಷ್ಟು ತಪ್ಪು ಅಂತ ಗೊತ್ತಿದ್ಮೇಲೆ ಮುರಿಯೋದು ಯಾಕೆ? ನಮ್ಮ ದಾಖಲೆಯಲ್ಲಿ ನಾನೇ ಸುಳ್ಳು ಬರ್ದಿದೀನಿ. ಸೋಮವಾರ ಅದನ್ನ ಮ್ಯಾನೇಜರ್ ಹತ್ರ ಒಪ್ಕೋತೀನಿ. ನಿನ್ ಪುಸ್ತಕ ಕೊಡು."

ಪುಸ್ತಕದ ಕೊನೆಯ ಸಾಲಿನ ಕೆಳಗೆ, ನಮ್ಮಲ್ಲಿ ಮಾಡುವ ಹಾಗೆಯೇ, ಎರಡು ಗೆರೆ ಎಳೆದೆ. ಮೇಲಿನದು ಪರೀಕ್ಷೆ ಮಾಡಿದವರ ಸಹಿಗೆ, ಕೆಳಗಿನದು ಒಪ್ಪಿದವರ ಸಹಿಗೆ. ಯಾರನ್ನೂ ನಂಬದ ನಾನು ಇಷ್ಟು ವರ್ಷವೂ ಎರಡು ಕಡೆಯೂ ನಾನೇ ಸಹಿ ಮಾಡಿಕೊಂಡು ಬಂದವನು.

"ಮೇಲೆ ನಿನ್ ಸಹಿ ಹಾಕು."

"ನನಗ ಸಹಿ ಇಲ್ರಿ ಸಾರ್."

"ಹೆಸರು ಬರಿ. ಅದೇ ಸಹಿ."

ನಾಲಿಗೆ ಕಚ್ಚಿಕೊಂಡು, ಒಂದೊಂದೇ ಅಕ್ಷರ ತಿದ್ದಿ, ಮರೆಪ್ಪನ ಮಗಳು ಹುಲಿಗೆಮ್ಮ ಎಂದು ಪೂರ್ತಿ ಬರೆದಳು. ನಾನು ಪೆನ್ನು ತೆಗೆದುಕೊಂಡು, ಅವಳ ಹೆಸರಿನ ಕೆಳಗೆ ನನ್ನ ಸಹಿ ಹಾಕಿದೆ.