ಚೀಟಿಯನ್ನು ನಂಬದ ತೊಟ್ಟಮ್ಮ

ಕೈಯಲ್ಲಿ ಏನೂ ಇಲ್ಲದಿದ್ದಾಗಲೂ, ಅಂಚಿನವರೆಗೆ ಆಮ್ಲ ತುಂಬಿದ ಗಾಜಿನ ಲೋಟವೊಂದನ್ನು ಹಿಡಿದವರಂತೆ ನಡೆಯುವುದು ಅವರ ರೂಢಿ. ಮೊಣಕೈ ಪಕ್ಕೆಗೆ ಅಂಟಿರುತ್ತದೆ, ದೃಷ್ಟಿ ಎರಡು ಮಾರು ಮುಂದಿನ ನೆಲದ ಮೇಲಿರುತ್ತದೆ, ಹೆಜ್ಜೆಯ ಸದ್ದು ಅವರಿಗೇ ಕೇಳಿಸುತ್ತದೋ ಇಲ್ಲವೋ. ಶಾಲೆಯ ಉದ್ದನೆಯ ಕಾರಿಡಾರಿನಲ್ಲಿ ಅವರು ಬರುತ್ತಿದ್ದರೆ, ಓಡುತ್ತಿದ್ದ ಮಕ್ಕಳು ತಾವಾಗಿಯೇ ಗೋಡೆಗೆ ಸರಿದು ದಾರಿ ಬಿಡುತ್ತಾರೆ. ಇಲ್ಲದ ಲೋಟದಿಂದ ಇಲ್ಲದ ಆಮ್ಲ ಚೆಲ್ಲೀತೆಂಬ ಭಯ ಆ ಮಕ್ಕಳಿಗೂ ಅಂಟಿಕೊಂಡಿದೆ. ಇಪ್ಪತ್ತೆರಡು ವರ್ಷದಿಂದ ರಸಾಯನಶಾಸ್ತ್ರ ಕಲಿಸುತ್ತಿರುವ ಈ ಮೇಡಂಗೆ ಮಕ್ಕಳು ಇಟ್ಟ ಹೆಸರು ತೊಟ್ಟಮ್ಮ. "ಒಂದೇ ತೊಟ್ಟು ಬಿಡು, ಆಮೇಲೆ ನೋಡು" ಎಂಬುದು ದಿನಕ್ಕೆ ನೂರು ಸಲ ಅವರ ಬಾಯಿಂದ ಬರುವ ಮಾತು. ಹೆಸರು ಅವರ ಕಿವಿಗೂ ಬಿದ್ದಿದೆ, ಆದರೆ ಬೀಳದವರಂತೆ ಇದ್ದುಬಿಟ್ಟಿದ್ದಾರೆ.

ಒಂದು ಕಾಲಕ್ಕೆ ಬಿಳಿಯದಾಗಿದ್ದ ಅವರ ಕೋಟನ್ನು ಓದಿದರೆ ಸಾಕು, ಪ್ರಯೋಗಶಾಲೆಯ ಚರಿತ್ರೆ ತಿಳಿಯುತ್ತದೆ. ಹಣ್ಣಿನ ರಸಗಳಲ್ಲಿ ವಿಟಮಿನ್ ಸಿ ಅಳೆದ ವರ್ಷದ ಅಯೋಡಿನ್ ಕಲೆ ಎದೆಯ ಮೇಲೆ, ಸಾಬೂನು ಕಾಸಿದ ವರ್ಷದ ತೂತು ಎಡಜೇಬಿನ ಕೆಳಗೆ. ನೋಡಲಾರದೆ ಅವರ ಯಜಮಾನರು ಹೊಸ ಕೋಟು ತಂದುಕೊಟ್ಟರೆ, ಇವರು ಅದನ್ನು ಒಯ್ದು ಪಕ್ಕದ ಜೀವಶಾಸ್ತ್ರ ಕೊಠಡಿಯ ಅಸ್ಥಿಪಂಜರಕ್ಕೆ ತೊಡಿಸಿದರು. "ಹೋಗ್ಲಿ ಬಿಡು, ನಾನು ತಂದಿದ್ದು ಯಾರಿಗೋ ಒಬ್ರಿಗೆ ಸರಿಹೋಯ್ತಲ್ಲ" ಎಂದರು ಯಜಮಾನರು.

ವೈದ್ಯರಾಗಬೇಕು, ದಾದಿಯರಾಗಬೇಕು ಎಂದು ಕನಸು ಕಟ್ಟಿಕೊಂಡ ಮಕ್ಕಳಿಗಾಗಿ ಶನಿವಾರ ಮಧ್ಯಾಹ್ನ ಅವರದೊಂದು ತರಗತಿ ನಡೆಯುತ್ತದೆ. ಕೊರಳಿಗೆ ಸ್ಟೆತಸ್ಕೋಪು ಬೀಳುತ್ತದೆಂದು ಬಂದವರ ಕೈಗೆ ಇವರು ಕೊಡುವುದು ಕಲ್ಲಿನ ಪುಟ್ಟ ಕುಟ್ಟಾಣಿ. ಮಾತ್ರೆಯನ್ನು ನಯವಾಗಿ ಅರೆಯುವುದು, ಬಣ್ಣ ಬದಲಾಗುವುದನ್ನು ಮೈಯೆಲ್ಲ ಕಣ್ಣಾಗಿ ಕಾಯುವುದು, ಕಂಡದ್ದನ್ನು ಕಂಡ ಹಾಗೆಯೇ ಬರೆಯುವುದು, ಇಷ್ಟು ಬಂದವರು ಮಾತ್ರ ಮುಂದಿನ ಮೇಜಿಗೆ ಹೋಗಬೇಕು. ಗೋಡೆಯ ಮೇಲೆ ಅವರದೇ ದಪ್ಪಕ್ಷರದ ಆಜ್ಞೆಯೊಂದಿದೆ: ಚೀಟಿಯನ್ನು ನಂಬಬೇಡಿ. ಬಾಟಲಿಯ ಮೇಲೆ ಏನೇ ಬರೆದಿರಲಿ, ಬಳಸುವ ದಿನ ಅಳೆದೇ ಬಳಸಬೇಕು ಎಂಬುದು ಅದರ ತಾತ್ಪರ್ಯ.

ಈ ವರ್ಷದ ಪ್ರಯೋಗ ಹೊಟ್ಟೆಯುರಿಯ ಮಾತ್ರೆಗಳದು. ಅದೇ ಬೀದಿಯಲ್ಲಿ ಔಷಧಿ ಅಂಗಡಿ ಇಟ್ಟಿರುವ ಅವರ ಅಣ್ಣ ನಾಲ್ಕು ಬಗೆಯ ಮಾತ್ರೆ ಕೊಟ್ಟು, "ನನ್ನ ಹೊಟ್ಟೆ ಮೇಲೆ ಹೊಡೀಬೇಡ ಕಣೇ" ಎಂದು ನಕ್ಕಿದ್ದರು. ಮಾತ್ರೆಯನ್ನು ಅರೆದು, ಜಠರದಲ್ಲಿರುವಂಥ ಆಮ್ಲದಲ್ಲಿ ಕಲಸಿ, ಅದು ತಣಿಸದೆ ಉಳಿಸಿದ ಆಮ್ಲವನ್ನು ಕ್ಷಾರದ ತೊಟ್ಟುಗಳಿಂದ ಅಳೆಯುವುದು ಕೆಲಸ. ಕ್ಷಾರ ಹೆಚ್ಚು ಬೇಕಾದರೆ ಮಾತ್ರೆ ದುರ್ಬಲವೆಂದು ಲೆಕ್ಕ. ನಾಲ್ಕೂ ದುರ್ಬಲವೆಂದೇ ಬಂತು. ಮೇಡಂ ಅಣ್ಣನ ಮುಲಾಜು ನೋಡಲಿಲ್ಲ. ಪ್ರದರ್ಶನಕ್ಕಾಗಿ ಮಕ್ಕಳು ನಾಲ್ಕು ದೊಡ್ಡ ಹಾಳೆಗಳ ಮೇಲೆ ಫಲಿತಾಂಶವನ್ನು ಕೆಂಪು ಶಾಯಿಯಲ್ಲಿ ಬರೆದು ಒಣಗಹಾಕಿದರು.

ಪ್ರದರ್ಶನದ ದಿನ ಬೆಳಿಗ್ಗೆ, ತರಗತಿಯಲ್ಲೇ ಅತಿ ಸಣ್ಣ ದನಿಯ ಹುಡುಗಿ, ಗೆಳತಿಯರ ಬಾಯಲ್ಲಿ 'ಪಿಸುಮಾತು', ಮೇಜಿನ ಬಳಿ ಬಂದು ನಿಂತಳು.

"ಮೇಡಂ, ಮಾತ್ರೆ ಹಾಕ್ದೇನೇ ಒಂದ್ಸಲ ಮಾಡಿ ನೋಡ್ದೆ."

"ಹಾಕ್ದೇನಾ? ಯಾಕೆ?"

"ಸುಮ್ನೆ. ಆಮ್ಲ ಇಪ್ಪತ್ತೈದು ಎಂಎಲ್ ತಗೊಂಡೆ. ಎರಡರ ಶಕ್ತಿನೂ ಒಂದೇ ಅಂತ ಚೀಟೀಲಿದೆ, ಕ್ಷಾರಾನೂ ಇಪ್ಪತ್ತೈದೇ ಹಿಡೀಬೇಕಲ್ವಾ? ಇಪ್ಪತ್ತೇಳು ಹಿಡೀತು. ಮೂರು ಸಲ ಮಾಡ್ದೆ ಮೇಡಂ. ಆಮ್ಲದ ಬಾಟಲಿ ನಿನ್ನೆ ತಾನೇ ಅಳೆದಿದ್ದು. ಕ್ಷಾರದ್ದು..."

ಕ್ಷಾರದ್ದು ಮೇಡಂ ರಜೆಗೆ ಮುಂಚೆ ತಯಾರಿಸಿಟ್ಟದ್ದು. ಬಿರಡೆ ಸಡಿಲವಾಗಿತ್ತು, ಎರಡು ತಿಂಗಳು ಗಾಳಿ ಕುಡಿದು ಕ್ಷಾರ ಸೊರಗಿತ್ತು. ಅದಕ್ಕೇ ಎಲ್ಲದಕ್ಕೂ ಹೆಚ್ಚು ಹಿಡಿದಿತ್ತು; ದುರ್ಬಲವಾಗಿದ್ದದ್ದು ಮಾತ್ರೆಗಳಲ್ಲ. ಚೀಟಿಯ ಮೇಲೆ ಅವರದೇ ಮುದ್ದಾದ ಅಕ್ಷರವಿತ್ತು, ಆ ಅಕ್ಷರವನ್ನು ಮಾತ್ರ ಅವರು ಅಳೆಯದೆ ನಂಬಿದ್ದರು. ಅವರಿಗೆ ಮಕ್ಕಳೆದುರು ನಾಚಿಕೆಯಾಯಿತು. ಮಧ್ಯಾಹ್ನ ಪ್ರದರ್ಶನ ನೋಡಲು ಬರುವವರಲ್ಲಿ ಅರ್ಧ ಜನ ಇದೇ ಮಾತ್ರೆ ನುಂಗುವವರು; ಕೆಂಪಕ್ಷರ ಕಂಡು ಮನೆಗೆ ಹೋದವರು ಒಂದು ನುಂಗುವಲ್ಲಿ ಎರಡು ನುಂಗಿದರೆ ಗತಿಯೇನು? ಹಾಳೆಗಳನ್ನು ತೆಗೆಸಿದರೆ, ಯಾಕೆಂದು ಕೇಳುವವರಿಗೆ ತಪ್ಪು ಯಾರದೆಂದು ಹೇಳಲೇಬೇಕು.

"ಮೇಡಂ, ಹೇಳದಿದ್ರೆ ಯಾರಿಗೂ ಗೊತ್ತಾಗಲ್ಲ" ಎಂದು ಹುಡುಗನೊಬ್ಬ ಮೆಲ್ಲಗೆ ಅಂದ.

"ನಮಗೆ ಗೊತ್ತಾಯ್ತಲ್ಲಪ್ಪ" ಎಂದವರೇ ನಾಲ್ಕು ಹಾಳೆಗಳನ್ನೂ ಬೋರಲು ಹಾಕಿದರು. ಆಮೇಲೆ ಹುಡುಗಿಯ ಕಡೆ ತಿರುಗಿ, ಹಿಗ್ಗಿ ಹೀರೇಕಾಯಿಯಾದವರಂತೆ ನಕ್ಕರು. ಬೈಗುಳಕ್ಕೆ ಸಿದ್ಧಳಾಗಿ ಬಂದಿದ್ದ ಹುಡುಗಿಗೆ ಆ ನಗು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಹೊಸ ಕ್ಷಾರ ಮಾಡಿ, ಅಳೆದು, ಊಟ ಮರೆತು ದುಡಿದರೂ ಬಾಗಿಲು ತೆರೆಯುವ ವೇಳೆಗೆ ಎರಡೇ ಮಾತ್ರೆಗಳ ಪರೀಕ್ಷೆ ಮುಗಿದಿತ್ತು, ಎರಡೂ ಗಟ್ಟಿಯಾಗಿಯೇ ಗೆದ್ದಿದ್ದವು. ಉಳಿದೆರಡು ಹಾಳೆಗಳ ಮೇಲೆ 'ಇನ್ನೂ ಗೊತ್ತಿಲ್ಲ' ಎಂದು ಬರೆಸಿದರು. ಸೊರಗಿದ ಬಾಟಲಿಯನ್ನು ಮೇಜಿನ ನಡುವೆ ಇಟ್ಟು, ಅದರ ಮುಂದೆ ತಾವೇ ಒಂದು ರಟ್ಟು ನಿಲ್ಲಿಸಿದರು: 'ತಪ್ಪಿದ್ದು ನಾನು, ಹಿಡಿದದ್ದು ಇವಳು.' ಅತಿಥಿಯಾಗಿ ಬಂದ ಆಸ್ಪತ್ರೆಯ ಹಿರಿಯ ವೈದ್ಯೆ ಉಳಿದ ಮೇಜುಗಳನ್ನೆಲ್ಲ ಬೇಗಬೇಗ ದಾಟಿ ಅಲ್ಲಿ ಬಹಳ ಹೊತ್ತು ನಿಂತರು; ಪಿಸುಮಾತಿನ ಹುಡುಗಿ ಅಂದು ಎಲ್ಲರಿಗೂ ಕೇಳಿಸುವಂತೆ ಮಾತಾಡಿದಳು. ಅಣ್ಣ ಬಂದು ರಟ್ಟನ್ನು ಎರಡು ಸಲ ಓದಿ, "ಅಂತೂ ನಿನ್ನನ್ನೂ ಹಿಡಿಯೋರು ಹುಟ್ಟಿದ್ರಲ್ಲ" ಎಂದು ತಂಗಿಯ ಬೆನ್ನು ತಟ್ಟಿದರು. ಈಗ ಆ ಪ್ರಯೋಗಶಾಲೆಯಲ್ಲಿ ಮೇಡಂ ತಯಾರಿಸಿದ ಬಾಟಲಿಯನ್ನು ಅಳೆದು ಚೀಟಿ ಬರೆಯುವುದು ಮಕ್ಕಳ ಕೆಲಸ.

ಕಲಿಸುವವರಲ್ಲಿ ಹೀಗೊಂದು ಬಗೆಯವರಿದ್ದಾರೆ. ತಾವು ಹೇಳಿಕೊಟ್ಟ ಪಾಠ ಒಂದು ದಿನ ತಮ್ಮ ಮೇಲೆಯೇ ತಿರುಗಿ ಬರಲೆಂದು ವರ್ಷಗಟ್ಟಲೆ ತಾಳ್ಮೆಯಿಂದ ಕಾಯುತ್ತಾರೆ, ಬಂದಾಗ ಮನೆಗೆ ನೆಂಟರು ಬಂದಷ್ಟು ಸಂಭ್ರಮಪಡುತ್ತಾರೆ. ಅಂಥವರ ಕೈಯಲ್ಲಿ ಕಲಿತವರು ನಾಳೆ ನಮ್ಮ ಕಾಯಿಲೆಗೆ ಮಾತ್ರೆ ಕೊಟ್ಟರೆ, ಅದರ ಮೇಲಿನ ಚೀಟಿಯನ್ನು ಓದದೆಯೇ ನುಂಗಬಹುದು.