ಪಟ್ಟಿಯಲ್ಲಿ ಇಲ್ಲದ ಹೆಸರು

ಆ ನರ್ಸಿಗೆ ಸೂಜಿಯಮ್ಮ ಎಂದು ಹೆಸರಿಟ್ಟವರು ನಲ್ಲಿ ಮೇಸ್ತ್ರಿ. ಡಯಾಲಿಸಿಸ್ ವಾರ್ಡಿನ ಹತ್ತು ಕುರ್ಚಿಗಳಲ್ಲಿ ಕಿಟಕಿ ಪಕ್ಕದ್ದು ಅವರದು. ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ. ನಾಲ್ಕು ವರ್ಷದಿಂದ ಅದೇ ಕುರ್ಚಿಯಲ್ಲಿ ಒರಗಿ, ತಮ್ಮ ರಕ್ತ ಒಂದು ಕೊಳವೆಯಲ್ಲಿ ಮೆಷಿನ್ನಿಗೆ ಹೋಗಿ ಇನ್ನೊಂದರಲ್ಲಿ ತೊಳೆದುಕೊಂಡು ಬರುವುದನ್ನು ನೋಡುತ್ತಿದ್ದರು. ಮೂವತ್ತು ವರ್ಷ ಮನೆಮನೆಗೆ ಪೈಪು ಕೂಡಿಸಿದ ಮನುಷ್ಯ. ಮೆಷಿನ್ನು ಕೀಂ ಅಂದರೆ ಸಾಕು, "ಸೂಜಿಯಮ್ಮಾ, ನಿನ್ನ ಲೈನಲ್ಲಿ ಗಾಳಿ ಹಿಡಿದಿದೆ ನೋಡು," ಅನ್ನುವರು. ಹತ್ತರಲ್ಲಿ ಎಂಟು ಸಲ ಅವರ ಮಾತೇ ಸರಿ.

"ಊರಿನ ಅರ್ಧ ಬಚ್ಚಲು ನನ್ನ ಕೈಯಲ್ಲಿ ಹರಿದಿದೆ. ನಂದೇ ಕಟ್ಟಿಕೊಂಡು ಕೂತಿದೆ," ಎಂದು ಪಕ್ಕದ ಕುರ್ಚಿಯವರನ್ನು ನಗಿಸುತ್ತಿದ್ದರು.

ಅವರ ಎಡ ಮುಂಗೈಯಲ್ಲಿ ಆಪರೇಷನ್ ಮಾಡಿ ದಪ್ಪಗಾಗಿಸಿದ ನರವೊಂದು ಹಗ್ಗದ ಹಾಗೆ ಉಬ್ಬಿಕೊಂಡಿತ್ತು. ಅದರ ಮೇಲೆ ಬೆರಳಿಟ್ಟರೆ ಒಳಗಿನ ಹರಿವು ಗುಂಯ್ ಎಂದು ತಾಗುವುದು. ಅದಕ್ಕೆ ಎರಡು ದಪ್ಪ ಸೂಜಿ ಚುಚ್ಚಬೇಕು. ಬೇರೆ ನರ್ಸುಗಳು ಎರಡು ಮೂರು ಸಲ ತಡಕಾಡುತ್ತಿದ್ದರು, ಇವಳು ಒಂದೇ ಸಲಕ್ಕೆ ಹಾಕುತ್ತಿದ್ದಳು. ಹಾಗಾಗಿ ಅವರು ಇವಳನ್ನು ಬಿಟ್ಟು ಬೇರೆಯವರಿಗೆ ಕೈ ಮುಟ್ಟಗೊಡುತ್ತಿರಲಿಲ್ಲ. ಇವಳ ರಜೆಯ ದಿನಗಳೆಲ್ಲ ಅವರಿಗೆ ಬಾಯಿಪಾಠ.

ನಾಲ್ಕನೇ ವರ್ಷಕ್ಕೆ ಅವರ ನಗು ಕಡಿಮೆಯಾಯಿತು. ಮೆಷಿನ್ನಿನಿಂದ ಬಿಡಿಸಿದ ಮೇಲೆ ಎದ್ದು ನಿಲ್ಲಲು ಅರ್ಧ ಗಂಟೆ ಬೇಕಾಗುತ್ತಿತ್ತು. ಮೀನಖಂಡ ಹಿಡಿದುಕೊಂಡಾಗ ಬಾಯಿಗೆ ಟವೆಲು ತುರುಕಿಕೊಳ್ಳುತ್ತಿದ್ದರು. ಮೈಯೆಲ್ಲ ತುರಿಕೆ, ಬೆನ್ನಿನ ಮೇಲೆ ಉಗುರಿನ ಗೆರೆಗಳು ಒಣಗುವ ಮೊದಲೇ ಹೊಸ ಗೆರೆ. ಒಂದು ಬುಧವಾರ, ತೂಕ ನೋಡಿಕೊಂಡು ಬಂದು ಕುರ್ಚಿಯಲ್ಲಿ ಕೂತವರೇ ಹೇಳಿದರು.

"ಈ ವಾರಕ್ಕೆ ಇದನ್ನ ನಿಲ್ಲಿಸಿಬಿಡ್ತೀನಿ ಸೂಜಿಯಮ್ಮಾ. ಮನೇಲೂ ಹೇಳಿದ್ದೀನಿ."

ಹೀಗೆ ಹೇಳಿದವರನ್ನು ಅವಳು ಹಿಂದೆ ಕಂಡಿದ್ದಳು. ಕೆಲವರು ಮಾರನೆಯ ಸರದಿಗೆ ಬಂದು ಕೂರುತ್ತಿದ್ದರು, ಕೆಲವರು ಬರುತ್ತಿರಲಿಲ್ಲ. ಇವರು ಆಡಿದ ಮಾತಿಗೆ ತಪ್ಪುವವರಲ್ಲ.

ಶುಕ್ರವಾರ ಬೆಳಿಗ್ಗೆ ಮೇಸ್ತ್ರಿಯ ಹೆಂಡತಿ ಬಟ್ಟೆ ಇಡುವ ಕೋಣೆಯವರೆಗೂ ಅವಳ ಹಿಂದೆಯೇ ಬಂದಳು. ಎತ್ತರದ, ಬಿಗಿ ಮುಖದ ಹೆಂಗಸು. ನಾಲ್ಕು ವರ್ಷದಲ್ಲಿ ಒಂದು ದಿನವೂ ಕಣ್ಣೀರು ಹಾಕಿದವಳಲ್ಲ. ಈಗ ಬಾಗಿಲು ಮುಂದಕ್ಕೆ ಎಳೆದು, ನರ್ಸಿನ ಎರಡೂ ಕೈ ಹಿಡಿದುಕೊಂಡಳು.

"ನೀನು ಒಂದು ಮಾತು ಹೇಳು ಸಿಸ್ಟರ್. ಕಿಡ್ನಿ ಸಿಗೋ ಹಾಗಿದೆ ಅನ್ನು. ನಾನು ಹೇಳಿದ್ರೆ ನಂಬಲ್ಲ, ನೀನು ಹೇಳಿದ್ರೆ ನಂಬ್ತಾರೆ."

"ಅಮ್ಮಾ, ಅವರ ಹೆಸರು ಕಾಯೋರ ಪಟ್ಟಿಯಲ್ಲೇ ಇಲ್ವಲ್ಲ. ಆಪರೇಷನ್ನಿಗೆ ಹೃದಯ ತಡೆಯಲ್ಲ ಅಂತ ದೊಡ್ಡ ಡಾಕ್ಟರು ನಿಮಗೇ ಹೇಳಿದ್ರು. ಅವರಿಗೆ ಹೇಳ್ತೀನಿ ಅಂತ ನೀವೇ ಒಪ್ಪಿಕೊಂಡಿದ್ರಿ."

"ಹೇಳಲಿಲ್ಲ. ಬಾಯಿ ಬರಲಿಲ್ಲ." ಆಕೆ ಕೈ ಬಿಡಲಿಲ್ಲ. "ನನಗೆ ಒಬ್ಬಳೇ ಇರೋಕೆ ಬರಲ್ಲ ಸಿಸ್ಟರ್. ಹದಿನೇಳಕ್ಕೆ ಆ ಮನೆಗೆ ಬಂದವಳು. ಒಬ್ಬಳೇ ಒಂದು ಹೊತ್ತೂ ಉಂಡಿಲ್ಲ."

ಆಗುವುದಿಲ್ಲ ಎಂದು ಹೇಳಿಯೇ ನರ್ಸು ಹೊರಗೆ ಬಂದಳು. ಅದು ಅವಳ ಮನಸ್ಸಿನಲ್ಲಿ ಗಟ್ಟಿಯಾಗಿಯೇ ಇತ್ತು. ಆದರೆ ಅವಳು ಕಿಟಕಿ ಪಕ್ಕ ಕೂತು ಅವರ ಮುಂಗೈ ಮೇಲಿನ ಉಬ್ಬನ್ನು ಸ್ಪಿರಿಟ್ಟಿನಿಂದ ಒರೆಸುವಾಗ ಮೇಸ್ತ್ರಿ, "ಕೊನೇ ಸೂಜಿ, ಚೆನ್ನಾಗಿ ಹಾಕು," ಎಂದರು. ಸುಸ್ತಾದವರ ದನಿ. ಆ ದನಿ ಕೇಳಿ ಅವಳ ನಾಲಿಗೆ ತಾನಾಗಿ ಹೊರಳಿತು.

"ಈಗ ಬಿಡ್ತೀರಾ ಮೇಸ್ತ್ರೀ? ಪಟ್ಟಿಯಲ್ಲಿ ನಿಮ್ಮ ಹೆಸರು ಮೇಲಕ್ಕೆ ಬಂದಿದೆಯಂತೆ."

ಅವರು ತಲೆ ಎತ್ತಿದರು. ಆ ಮುಖದಲ್ಲಿ ಆದ ಬದಲಾವಣೆ ಕಂಡು ಅವಳಿಗೆ ಭಯವಾಯಿತು. ಹಿಂದಕ್ಕೆ ತೆಗೆದುಕೊಳ್ಳಲು ಆ ಒಂದು ಗಳಿಗೆ ಇತ್ತು. ಅವಳು ಸೂಜಿ ಚುಚ್ಚಿದಳು.

ಆಮೇಲಿನ ಏಳು ತಿಂಗಳು ಮೇಸ್ತ್ರಿಯಷ್ಟು ಶಿಸ್ತಿನ ರೋಗಿ ಆ ವಾರ್ಡಿನಲ್ಲಿ ಇನ್ನೊಬ್ಬರಿರಲಿಲ್ಲ. ದಿನಕ್ಕೆ ಮೂರು ಲೋಟ ನೀರು ಅಂದರೆ ಮೂರೇ. ನಾಲಿಗೆ ಒಣಗಿ ಅಂಟಿಕೊಂಡರೆ ಒದ್ದೆ ಬಟ್ಟೆಯ ತುದಿ ಚೀಪುವರು. ಉಪ್ಪು ಬಿಟ್ಟರು. ದಿನಾ ಗಡ್ಡ ಬೋಳಿಸಿಕೊಂಡು ಬರತೊಡಗಿದರು. ಆಸ್ಪತ್ರೆಯಿಂದ ಯಾವಾಗ ಕರೆ ಬಂದರೂ ಹೊರಡಬೇಕಲ್ಲ ಎಂದು ಎರಡು ಜೊತೆ ಬಟ್ಟೆ, ಟವೆಲು, ಕನ್ನಡಕ ಎಲ್ಲ ಚೀಲಕ್ಕೆ ತುಂಬಿ ಬಾಗಿಲ ಹತ್ತಿರ ಇಟ್ಟರು. ಸ್ನಾನಕ್ಕೆ ಹೋಗುವಾಗಲೂ ಫೋನು ಹೆಂಡತಿಯ ಕೈಗೆ ಕೊಟ್ಟು, "ರಿಂಗಾದ್ರೆ ಬಾಗಿಲು ಬಡಿ," ಅನ್ನುತ್ತಿದ್ದರಂತೆ.

ಆ ಏಳು ತಿಂಗಳಲ್ಲಿ ಬಲಗಾಲಿನ ಎರಡು ಬೆರಳು ಕಪ್ಪಾಗಿ ತೆಗೆಯಬೇಕಾಯಿತು. ಎರಡು ಸಲ ಕುರ್ಚಿಯಲ್ಲೇ ರಕ್ತದೊತ್ತಡ ಕುಸಿದು ಕಣ್ಣು ಮೇಲೆ ಮಾಡಿದರು. ಎಚ್ಚರವಾದ ಕೂಡಲೇ, "ಇದರಿಂದ ಹೆಸರು ಕೆಳಗೆ ಹೋಗಲ್ಲ ತಾನೇ?" ಎಂದು ಕೇಳಿದರು.

"ಹೋಗಲ್ಲ," ಎಂದಳು ಅವಳು.

"ಈಗ ಎಷ್ಟನೇ ನಂಬರು?"

"ಅದನ್ನೆಲ್ಲ ಹೇಳೋ ಹಾಗಿಲ್ಲ ಮೇಸ್ತ್ರೀ."

ಪ್ರತಿ ಸಲವೂ ಇವತ್ತು ಹೇಳಿಬಿಡಬೇಕು ಎಂದುಕೊಂಡೇ ಅವಳು ಡ್ಯೂಟಿಗೆ ಬರುತ್ತಿದ್ದಳು. ಗಡ್ಡ ಬೋಳಿಸಿದ ಆ ಮುಖ ಕಂಡರೆ ಮಾತು ಬಿಟ್ಟು ಸೂಜಿ ಕೈಗೆತ್ತಿಕೊಳ್ಳುತ್ತಿದ್ದಳು. ಒಂದು ದಿನ ದೊಡ್ಡ ಡಾಕ್ಟರ ಕೋಣೆಯ ಬಾಗಿಲವರೆಗೂ ಹೋದಳು. ಒಳಗೆ ಯಾರೋ ಇದ್ದರು. ಅದನ್ನೇ ನೆಪ ಮಾಡಿಕೊಂಡು ವಾಪಸು ಬಂದಳು.

ದೊಡ್ಡ ಡಾಕ್ಟರು ರಜೆ ಹಾಕಿದ ವಾರ ಅವರ ಬದಲಿಗೆ ಬೇರೊಬ್ಬರು ಬಂದರು. ಕುರ್ಚಿಯಿಂದ ಕುರ್ಚಿಗೆ ಫೈಲು ತಿರುವುತ್ತಾ ಮೇಸ್ತ್ರಿಯ ಹತ್ತಿರ ನಿಂತರು. ಆಗಷ್ಟೇ ಮೆಷಿನ್ನಿನಿಂದ ಬಿಡಿಸಿ, ನರ್ಸು ಸೂಜಿ ತೆಗೆದ ಜಾಗವನ್ನು ಒತ್ತಿ ಹಿಡಿದಿದ್ದಳು. ಹೆಂಡತಿ ಚಪ್ಪಲಿ ತೊಡಿಸಲು ಬಗ್ಗಿದ್ದಳು.

"ಡಾಕ್ಟ್ರೇ, ನನ್ನ ನಂಬರು ಎಷ್ಟಕ್ಕೆ ಬಂದಿದೆ?" ಎಂದು ಮೇಸ್ತ್ರಿ ಕೇಳಿದರು.

"ಯಾವ ನಂಬರು?"

"ಕಿಡ್ನಿದು."

ಡಾಕ್ಟರು ಹಾಳೆ ತಿರುವಿದರು. "ನಿಮ್ಮನ್ನ ಪಟ್ಟಿಯಿಂದ ತೆಗೆದು ಒಂದು ವರ್ಷದ ಮೇಲಾಯ್ತಲ್ಲ. ನಿಮ್ಮ ಹೃದಯಕ್ಕೆ ಆ ಆಪರೇಷನ್ ಆಗಲ್ಲ. ಹೇಳಿರಬೇಕಲ್ಲ?" ಎಂದು ಮುಂದಿನ ಕುರ್ಚಿಗೆ ಹೋದರು.

ಮೇಸ್ತ್ರಿ ಕೂಗಾಡಲಿಲ್ಲ. ನರ್ಸಿನ ಕಡೆ ತಿರುಗಿದರು.

"ನೀನು ನನಗೆ ಹೇಳಿ ಏಳು ತಿಂಗಳಾಯ್ತು."

"ಹೌದು."

"ಆಗ ನಿನಗೆ ಗೊತ್ತಿತ್ತು."

"ಗೊತ್ತಿತ್ತು."

ಅವಳು ಹೆಂಡತಿಯ ಕಡೆ ನೋಡಿದಳು. ಬಗ್ಗಿದ್ದ ಆಕೆ ತಲೆ ಎತ್ತಲಿಲ್ಲ. ತೊಡಿಸಿದ ಚಪ್ಪಲಿಯ ಪಟ್ಟಿಯನ್ನೇ ಮತ್ತೆ ಮತ್ತೆ ಸರಿ ಮಾಡುತ್ತಿದ್ದಳು. ಆಕೆಯೇ ಹೇಳಿಸಿದ್ದು ಎಂದುಬಿಟ್ಟಿದ್ದರೆ ನರ್ಸಿನ ಭಾರ ಅರ್ಧ ಇಳಿಯುತ್ತಿತ್ತು. ನರ್ಸು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡಳು. ಗಂಡ ಹೆಂಡಿರು ಒಂದೇ ಸೂರಿನಡಿಗೆ ವಾಪಸು ಹೋಗಬೇಕು.

"ನನ್ನ ಕೈ ಬಿಡು," ಎಂದರು ಮೇಸ್ತ್ರಿ.

ಅಲ್ಲಿಂದ ಮುಂದೆ ಅವರು ಅವಳಿಗೆ ಮುಖ ಕೊಟ್ಟು ಮಾತಾಡಲಿಲ್ಲ. ಬೇರೆ ನರ್ಸು ಬೇಕೆಂದರು. ಹೊಸದಾಗಿ ಸೇರಿದವಳೊಬ್ಬಳು ತಡಕಾಡಿ ಚುಚ್ಚಿದಳು. ಸೂಜಿ ನರದ ಗೋಡೆ ದಾಟಿ, ರಕ್ತ ಚರ್ಮದಡಿ ಹರಡಿ, ಮುಂಗೈ ಬದನೆಕಾಯಿ ಬಣ್ಣಕ್ಕೆ ತಿರುಗಿತು. ಮೇಸ್ತ್ರಿ ಹಲ್ಲು ಕಚ್ಚಿ ಕೂತರು. ಮೂರು ಕುರ್ಚಿ ಆಚೆ ನಿಂತಿದ್ದ ಇವಳ ಕಡೆ ಅಪ್ಪಿತಪ್ಪಿಯೂ ನೋಡಲಿಲ್ಲ.

ವಿಷಯ ಹೆಡ್ ನರ್ಸಿನ ಕಿವಿಗೂ ಬಿತ್ತು. "ಸೂಜಿ ಹಾಕೋದು ನಿನ್ನ ಕೆಲಸ. ಆಸೆ ಹುಟ್ಟಿಸೋ ಕೆಲಸ ನಿನಗೆ ಯಾರು ಕೊಟ್ರು?" ಎಂದು ಬಾಗಿಲು ಹಾಕಿಕೊಂಡು ಬೈದರು. ಯಾರಾದರೂ ಹೇಳಿಕೊಟ್ಟರಾ ಎಂದು ಕೇಳಿದಾಗ ಇವಳು ಇಲ್ಲ ಎಂದಳು. ಎಚ್ಚರಿಕೆಯ ಪತ್ರ ಅವಳ ಕೈಗೆ ಬಂತು.

ಎರಡು ವಾರಕ್ಕೆ ಮೇಸ್ತ್ರಿ ಬರುವುದನ್ನೇ ನಿಲ್ಲಿಸಿದರು. ದೊಡ್ಡ ಡಾಕ್ಟರು ಮನೆಗೇ ಹೋಗಿ ಒಂದು ಗಂಟೆ ಕೂತು ಮಾತಾಡಿದರು. ನಿಲ್ಲಿಸಿದರೆ ಏನಾಗುತ್ತದೆ, ಎಷ್ಟು ದಿನ, ಎಲ್ಲ ಬಿಡಿಸಿ ಹೇಳಿದರು. ಮೇಸ್ತ್ರಿ ಎಲ್ಲ ಕೇಳಿ, ತಿಳಿದೇ ನಿಲ್ಲಿಸುತ್ತಿದ್ದೇನೆ ಎಂದು ಬರೆದುಕೊಟ್ಟರು. ಕಿಟಕಿ ಪಕ್ಕದ ಕುರ್ಚಿಗೆ ಮೂರನೇ ದಿನವೇ ಬೇರೆಯವರು ಬಂದರು. ಅದಕ್ಕಾಗಿ ಕಾಯುತ್ತಿದ್ದವರು ಬೇಕಾದಷ್ಟು ಜನ.

ನಾಲ್ಕನೇ ದಿನ ಡ್ಯೂಟಿ ಮುಗಿಸಿ ನರ್ಸು ಅವರ ಮನೆ ಹುಡುಕಿಕೊಂಡು ಹೋದಳು. ಎರಡು ಕೋಣೆಯ ಮನೆ, ಮೂಲೆಯಲ್ಲಿ ಇನ್ನೂ ಒರಗಿಸಿಟ್ಟ ಪೈಪಿನ ತುಂಡುಗಳು. ಬಾಗಿಲು ತೆಗೆದ ಹೆಂಡತಿ ಮಾತಿಲ್ಲದೆ ದಾರಿ ಬಿಟ್ಟಳು. ಮೇಸ್ತ್ರಿ ಊದಿದ ಮುಖವನ್ನು ಗೋಡೆಗೆ ತಿರುಗಿಸಿದರು. ಅವಳು ಸುಮ್ಮನೆ ಕೆಲಸಕ್ಕೆ ಕೈಹಚ್ಚಿದಳು. ತಲೆದಿಂಬು ಏರಿಸಿ ಉಸಿರು ಸಲೀಸು ಮಾಡಿದಳು. ಬೆನ್ನು ಒರೆಸಿ ತುರಿಕೆಗೆ ಮುಲಾಮು ಹಚ್ಚಿದಳು. ಮಗ್ಗುಲು ಹೇಗೆ ತಿರುಗಿಸಬೇಕು, ತುಟಿ ಹೇಗೆ ಒದ್ದೆ ಮಾಡಬೇಕು ಎಂದು ಹೆಂಡತಿಗೆ ತೋರಿಸಿಕೊಟ್ಟಳು. ಮಾರನೆಯ ದಿನವೂ ಬಂದಳು, ಅದರ ಮಾರನೆಯ ದಿನವೂ. ಅವರು ಬೇಡ ಅನ್ನಲಿಲ್ಲ, ಬಾ ಅನ್ನಲೂ ಇಲ್ಲ.

ಆರನೇ ದಿನ ಮೇಸ್ತ್ರಿ ಒಂದು ಚೊಂಬು ತಣ್ಣೀರು ಕೇಳಿದರು. ಈಗ ಅಳತೆಯಿಲ್ಲ, ಎಷ್ಟು ಬೇಕಾದರೂ ಕುಡಿಯಬಹುದು. ಹೆಂಡತಿ ಚೊಂಬಿನ ತುಂಬ ತಂದಳು. ಎರಡು ಗುಟುಕು ಇಳಿಯಿತು, ಮೂರನೆಯದು ವಾಂತಿಯಾಯಿತು. ಅದನ್ನು ಒರೆಸುತ್ತಿದ್ದ ಹೆಂಡತಿ ಬಟ್ಟೆ ಕೈಯಲ್ಲಿ ಹಿಡಿದೇ ಕುಸಿದು ಕೂತಳು.

"ರೀ, ಅವಳದ್ದೇನೂ ತಪ್ಪಿಲ್ಲ. ನಾನೇ ಹೇಳಿಸಿದ್ದು. ಕೈ ಹಿಡಿದು ಬೇಡಿಕೊಂಡೆ."

"ಗೊತ್ತು," ಎಂದರು ಮೇಸ್ತ್ರಿ. "ಆವತ್ತು ಚಪ್ಪಲಿ ಹಾಕುವಾಗ್ಲೇ ಗೊತ್ತಾಯ್ತು. ನಿನ್ನ ಬೈತಲೆ ಒಂದನ್ನೇ ನೋಡಿದ್ರೂ ನನಗೆ ತಿಳಿಯುತ್ತೆ ಕಣೇ."

"ಮತ್ತೆ ಅವಳ ಮೇಲೆ ಯಾಕೆ ಅಷ್ಟು ಸಿಟ್ಟು?"

"ನಿನ್ನ ಮೇಲೆ ಸಿಟ್ಟು ಮಾಡಿಕೊಂಡು ಈ ಮನೇಲಿ ಹೇಗೆ ಮಲಗಲಿ? ಯಾರ ಮೇಲಾದ್ರೂ ಮಾಡಿಕೊಳ್ಳಬೇಕಿತ್ತು." ಉಸಿರು ಹಿಡಿಯಿತು. ಸ್ವಲ್ಪ ಹೊತ್ತಿನ ಮೇಲೆ ನರ್ಸಿನ ಕಡೆ ನೋಡಿದರು. ಕ್ಷಮೆ ಕೇಳಲಿಲ್ಲ, ಕೊಡಲೂ ಇಲ್ಲ. "ಏಳು ತಿಂಗಳು ಸೂಜಿಯಮ್ಮಾ. ಬೆರಳು ತೆಗೆಸಿಕೊಂಡೆ. ಬಾಯಾರಿ ಸತ್ತೆ. ನೀನು ಸುಮ್ಮನಿದ್ದಿದ್ರೆ ಆಗಲೇ ಮುಗಿದಿರೋದು."

ಅವಳು ಅವರ ಕಾಲಿನ ಊತದ ಮೇಲೆ ಕೈಯಿಟ್ಟು ಹಾಗೇ ಕೂತಳು. ಅವರು ಕಾಲು ಎಳೆದುಕೊಳ್ಳಲಿಲ್ಲ.

ಆಮೇಲೆ ಮಂಪರು ಕವಿಯಿತು. ಎಂಟನೇ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಅವಳು ವಾರ್ಡಿನಲ್ಲಿ ಇನ್ಯಾರದೋ ತೂಕ ಬರೆದುಕೊಳ್ಳುತ್ತಿದ್ದಾಗ, ಮೇಸ್ತ್ರಿ ತೀರಿಕೊಂಡರು. ಹೆಂಡತಿ ಫೋನು ಮಾಡಿ ಎರಡೇ ಮಾತು ಹೇಳಿ ಇಟ್ಟಳು. ಡ್ಯೂಟಿ ಬಿಟ್ಟು ಬರುವಂತಿರಲಿಲ್ಲ. ಅವಳು ಹೋಗುವಷ್ಟರಲ್ಲಿ ದೇಹ ಎತ್ತಿ ಆಗಿತ್ತು.

ಒಂದು ತಿಂಗಳ ಮೇಲೆ ಮೇಸ್ತ್ರಿಯ ಹೆಂಡತಿ ವಾರ್ಡಿಗೆ ಬಂದಳು. ಉಳಿದ ಮಾತ್ರೆ, ರಕ್ತದೊತ್ತಡ ನೋಡುವ ಯಂತ್ರ, ಬಿಚ್ಚದ ಬ್ಯಾಂಡೇಜು. ಯಾರಿಗಾದರೂ ಉಪಯೋಗಕ್ಕೆ ಬರಲಿ ಎಂದು ಚೀಲದಲ್ಲಿ ತಂದಿದ್ದಳು. ಮೈ ಅರ್ಧ ಇಳಿದುಹೋಗಿತ್ತು.

"ಊಟ ಮಾಡ್ತೀರಾ ಅಮ್ಮಾ?" ಎಂದು ನರ್ಸು ಕೇಳಿದಳು.

"ನಿಂತುಕೊಂಡೇ ಎರಡು ತುತ್ತು. ಒಬ್ಬಳೇ ಕೂರೋಕೆ ಆಗಲ್ಲ." ಆಕೆ ಚೀಲದ ಬಾಯಿ ಬಿಚ್ಚಿ ಕೊಟ್ಟಳು. "ಸಿಸ್ಟರ್, ನನ್ನಿಂದ ಅವರಿಗೆ ನರಕ ಆಯ್ತು. ಅದು ನನಗೆ ಗೊತ್ತು. ಆದ್ರೂ ಹೇಳ್ತೀನಿ, ಆ ಏಳು ತಿಂಗಳು ವಾಪಸು ಕೊಡು ಅಂದ್ರೆ ನಾನು ಕೊಡಲ್ಲ. ನಾಳೆ ಅಂಥದ್ದೇ ಬಂದ್ರೂ ನಿನ್ನ ಕಾಲು ಹಿಡೀತೀನಿ."

"ನಾನು ಹೇಳಲ್ಲಮ್ಮಾ," ಎಂದಳು ನರ್ಸು. "ಇನ್ನು ಯಾರಿಗೂ ಹೇಳಲ್ಲ."

ಆಕೆ ಅವಳ ಮುಖವನ್ನೇ ನೋಡಿದಳು. ಸಿಟ್ಟೇನೂ ಇರಲಿಲ್ಲ. "ನೀನು ಹೇಳಬಾರದು, ನಾನು ಕೇಳದೆ ಇರೋಕಾಗಲ್ಲ," ಎಂದು ಖಾಲಿ ಚೀಲ ಮಡಚಿಕೊಂಡು ಎದ್ದಳು. ಬಾಗಿಲವರೆಗೂ ನರ್ಸು ಜೊತೆಗೆ ಹೋದಳು. ಅಷ್ಟರಲ್ಲಿ ಆರನೇ ಕುರ್ಚಿಯ ಮೆಷಿನ್ನು ಕೀಂ ಎಂದಿತು. ಅವಳು ತಿರುಗಿ ಒಳಗೆ ಓಡಿದಳು.