ಕದ್ದ ತುಂಡುಗಳ ಸುರುಳಿ

ನಾನು ಹದಿನಾರು ಮಿಲಿಮೀಟರ್ ಫಿಲ್ಮ್ ಓಡಿಸುವ ಒಂದು ಪ್ರೊಜೆಕ್ಟರ್. ನನ್ನನ್ನು ಮಾಡಿದ್ದು ಚೆಕೊಸ್ಲೊವಾಕಿಯಾದ ಒಂದು ಕಾರ್ಖಾನೆಯಲ್ಲಿ. ಆ ದೇಶವೇ ಈಗ ಭೂಪಟದಲ್ಲಿಲ್ಲ, ನಾನಿದ್ದೇನೆ. ಬೂದು ಬಣ್ಣದ ಕಬ್ಬಿಣದ ಮೈ, ಹೊಟ್ಟೆಯಲ್ಲಿ ಕಣ್ಣು ಕೋರೈಸುವ ಒಂದು ದೀಪ, ಫಿಲ್ಮಿನ ಅಂಚಿನ ತೂತುಗಳಿಗೆ ಸಿಕ್ಕಿಕೊಂಡು ಅದನ್ನು ಎಳೆಯುವ ಸಣ್ಣ ಹಲ್ಲುಗಳು. ಇಷ್ಟೇ ನಾನು. ಹಡಗಿನಲ್ಲಿ ಮುಂಬಯಿಗೆ ಬಂದು, ಅಲ್ಲಿಂದ ರೈಲಿನಲ್ಲಿ ಹುಬ್ಬಳ್ಳಿಗೆ ಇಳಿದಾಗ ನನ್ನ ಪೆಟ್ಟಿಗೆಗೆ ಹೂವಿನ ಮಾಲೆ ಹಾಕಿದ್ದರು. ಇವರು ಒಳ್ಳೆಯವರು ಎಂದುಕೊಂಡೆ. ಆಗ ನನಗೆ ಮನುಷ್ಯರ ಪರಿಚಯ ಅಷ್ಟಾಗಿ ಇರಲಿಲ್ಲ.

ನನ್ನನ್ನು ತರಿಸಿದ್ದು 'ಹೊಸನೋಟ ಚಿತ್ರ ಸಮಾಜ'. ಎಪ್ಪತ್ತರ ದಶಕದ ಆರಂಭ ಅದು. ಊರೂರಿನಲ್ಲಿ ಓದಿದವರು ಸೇರಿಕೊಂಡು ಪರದೇಶದ ಸಿನಿಮಾ ನೋಡುವ ಸಮಾಜಗಳನ್ನು ಕಟ್ಟುತ್ತಿದ್ದ ಕಾಲ. ನಮ್ಮ ಸಮಾಜದ ಅಧ್ಯಕ್ಷರು ಇನಾಮತಿ ವಕೀಲರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಾಯಲ್ಲಿ ಸದಾ ಏಲಕ್ಕಿ. ಕಾರ್ಯಕ್ರಮಕ್ಕೆ ಮೊದಲು ಅವರು ಮಾಡುವ ಭಾಷಣದಲ್ಲಿ 'ಮನುಷ್ಯನ ಘನತೆ' ಎಂಬ ಮಾತು ಬಂದೇ ಬರುತ್ತಿತ್ತು. ನನ್ನನ್ನು ಓಡಿಸುವವನು ಗುರುಶಾಂತಪ್ಪ. ಹಗಲು ಟಾಕೀಸಿನಲ್ಲಿ ಕೆಲಸ, ಶನಿವಾರ ಭಾನುವಾರ ಸಂಜೆ ನನ್ನ ಬಳಿ. ಮಿತಭಾಷಿ.

ಪುಣೆಯ ಸಂಗ್ರಹಾಲಯದಿಂದಲೂ, ದೆಹಲಿಯ ರಾಯಭಾರಿ ಕಚೇರಿಗಳಿಂದಲೂ ತಗಡಿನ ಡಬ್ಬಿಗಳಲ್ಲಿ ಸಿನಿಮಾಗಳು ಬರುತ್ತಿದ್ದವು. ಹಂಗೇರಿ, ಪೋಲೆಂಡ್, ಜಪಾನ್, ಬ್ರೆಜಿಲ್, ಸೆನೆಗಲ್. ಯುದ್ಧ ಮುಗಿಸಿ ಎದ್ದು ಕೂತ ದೇಶಗಳು, ಸ್ವಾತಂತ್ರ್ಯ ಬಂದು ಏನು ಮಾಡಬೇಕೆಂದು ತಿಳಿಯದೆ ನಿಂತ ದೇಶಗಳು, ಎಲ್ಲವೂ ತಮ್ಮ ಅಳು ನಗುವನ್ನು ಸುರುಳಿ ಸುತ್ತಿ ನನ್ನ ಹಲ್ಲಿಗೆ ಕೊಟ್ಟವು. ಲಕ್ಷಗಟ್ಟಲೆ ಜನ ನೋಡುವ ಥಳುಕಿನ ಚಿತ್ರಗಳಲ್ಲ ಅವು. ಸಣ್ಣ ಕ್ಯಾಮೆರಾ ಹೆಗಲ ಮೇಲಿಟ್ಟುಕೊಂಡು ಬೀದಿಗೆ ಇಳಿದವರು ತೆಗೆದ ಚಿತ್ರಗಳು.

ಒಂದು ತೊಡಕಿತ್ತು. ಮಾತು ಯಾವ ಭಾಷೆಯದೋ, ಕೆಳಗೆ ಬರುವ ಅಕ್ಷರ ಇಂಗ್ಲಿಷಿನದು. ರೇಲ್ವೆ ವರ್ಕ್‌ಶಾಪಿನವರು, ಹತ್ತಿ ಗಿರಣಿಯವರು, ಅವರ ಹೆಂಡಿರು ಮೊದಲ ತಿಂಗಳು ಬಂದು, ಆಮೇಲೆ ಬರುವುದನ್ನೇ ಬಿಟ್ಟರು. ಆಗ ಬಂದವಳು ಪದ್ಮಾವತಿ ಹಂಚಿನಮನಿ.

ಪದ್ಮಾವತಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಮೂವತ್ತರ ಆಸುಪಾಸು, ಮದುವೆಯಾಗಿರಲಿಲ್ಲ, ತಾಯಿಯೊಂದಿಗೆ ಗಂಟಿಕೇರಿಯಲ್ಲಿ ಇದ್ದಳು. ಅವಳ ಧ್ವನಿ ಅರ್ಧ ಹುಬ್ಬಳ್ಳಿಗೆ ಗೊತ್ತಿತ್ತು, ಮುಖ ಯಾರಿಗೂ ಗೊತ್ತಿರಲಿಲ್ಲ. ಒಂದು ಶನಿವಾರ ಅವಳೇ ವಕೀಲರ ಬಳಿ ಹೋಗಿ, "ಒಂದು ಮೈಕ್ ಕೊಡ್ರಿ ಸರ್. ನಾ ಕನ್ನಡದಾಗ ಹೇಳ್ಕೋತ ಹೋಗ್ತೀನಿ. ಮಂದಿಗೆ ತಿಳೀಲಿ," ಎಂದಳು. ವಕೀಲರು ನಕ್ಕು ಒಪ್ಪಿದರು.

ನನ್ನ ಪಕ್ಕದಲ್ಲೇ ಒಂದು ಸ್ಟೂಲ್ ಹಾಕಿಕೊಂಡು ಅವಳು ಕೂರುತ್ತಿದ್ದಳು. ತೆರೆಯ ಮೇಲೆ ಪೋಲೆಂಡಿನ ಮುದುಕ ಬಾಯಿ ತೆರೆದರೆ ಸಭಾಂಗಣದಲ್ಲಿ ಹುಬ್ಬಳ್ಳಿಯ ಮುದುಕನ ಗೊಣಗು ಕೇಳುತ್ತಿತ್ತು. "ಲೇ ತಮ್ಮಾ, ಬೂಟು ಒರಸಿಕೊಂಡು ಒಳಗ ಬಾರೋ," ಎಂದು ಅವಳು ಹೇಳಿದರೆ ಗಿರಣಿಯವರು ಗೊಳ್ಳೆಂದು ನಗುತ್ತಿದ್ದರು. ಬಿಟ್ಟುಹೋದವರೆಲ್ಲ ತಿರುಗಿ ಬಂದರು. ನಾನು ಮನುಷ್ಯರನ್ನು ಹೆಚ್ಚಾಗಿ ಹಿಂದಿನಿಂದಲೇ ನೋಡಿದವನು. ಕತ್ತಲಲ್ಲಿ ಬೆನ್ನು ಸುಳ್ಳು ಹೇಳುವುದಿಲ್ಲ. ಆ ದಿನಗಳಲ್ಲಿ ಆ ಬೆನ್ನುಗಳು ಮುಂದಕ್ಕೆ ಬಾಗಿ ಕೂರುತ್ತಿದ್ದವು.

ಮುಂದಿನ ಸಾಲಿನ ಬೆನ್ನುಗಳ ಕಥೆ ಬೇರೆ. ಅಲ್ಲಿ ವಕೀಲರು, ಅವರ ಗೆಳೆಯರಾದ ಒಬ್ಬ ಪ್ರಾಧ್ಯಾಪಕರು, ಒಬ್ಬ ಡಾಕ್ಟರು, ಬಟ್ಟೆ ಅಂಗಡಿಯ ಮಾಲೀಕರು. ಚಿತ್ರ ಸಮಾಜಗಳಿಗೆ ಬರುವ ಪ್ರತಿಗಳಿಗೆ ಸೆನ್ಸಾರಿನ ಕತ್ತರಿ ಬೀಳುತ್ತಿರಲಿಲ್ಲ. ಮೊದಲಿಗೆ ನನಗೆ ಇದರ ಅರ್ಥವಾಗಿರಲಿಲ್ಲ. ಮಾತುಕತೆ ನಡೆಯುವಾಗ ಈ ಬೆನ್ನುಗಳು ಜೋಲುತ್ತಿದ್ದವು, ಒಂದೆರಡು ಕಡೆ ಗೊರಕೆಯೂ ಕೇಳುತ್ತಿತ್ತು. ತೆರೆಯ ಮೇಲೆ ಹೆಣ್ಣೊಬ್ಬಳು ಕುಪ್ಪಸದ ಗುಂಡಿಗೆ ಕೈ ಹಾಕಿದಳೋ, ಎಲ್ಲವೂ ಒಟ್ಟಿಗೆ ನೆಟ್ಟಗಾಗುತ್ತಿದ್ದವು. ಅದನ್ನು ಕಂಡಾಗಲೆಲ್ಲ ನನ್ನ ಎಣ್ಣೆ ಕಹಿಯಾದಂತೆ ಅನ್ನಿಸುತ್ತಿತ್ತು.

ಹಂಗೇರಿಯ ಒಂದು ಚಿತ್ರ ಬಂತು. ಯುದ್ಧ ಮುಗಿಯುತ್ತಿದೆ. ಹಳ್ಳಿಯೊಂದರಲ್ಲಿ ತಾಯಿ ತನ್ನ ಮಗಳನ್ನು ಹುಡುಕುತ್ತಾಳೆ. ಸೈನಿಕರು ಬಿಟ್ಟುಹೋದ ಕೊಟ್ಟಿಗೆಯಲ್ಲಿ ಮಗಳ ಹೆಣ ಸಿಗುತ್ತದೆ. ತಾಯಿ ಬಾಗಿಲು ಹಾಕಿಕೊಂಡು, ನೀರು ಕಾಯಿಸಿ, ಆ ಬೆತ್ತಲೆ ಮೈಯನ್ನು ಒದ್ದೆ ಬಟ್ಟೆಯಿಂದ ನಿಧಾನವಾಗಿ ತೊಳೆಯುತ್ತಾಳೆ. ಮಾತಿಲ್ಲ, ಸಂಗೀತವಿಲ್ಲ. ಶನಿವಾರ ಆ ದೃಶ್ಯ ಬಂದಾಗ ಪದ್ಮಾವತಿ ಮೈಕ್ ಕೆಳಗಿಟ್ಟಳು. ಹಿಂದಿನ ಸಾಲುಗಳಲ್ಲಿ ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ಮುಂದಿನ ಸಾಲಿನಿಂದ ಒಂದು ಮೆಲ್ಲನೆಯ ಸಿಳ್ಳೆ ಕೇಳಿಸಿತು.

ಹೆಣವದು. ಹೆಣವನ್ನು ನೋಡಿ ಸಿಳ್ಳೆ ಹಾಕಿದರು.

ಭಾನುವಾರ ಅದೇ ಚಿತ್ರ ಮತ್ತೊಮ್ಮೆ. ತಾಯಿ ಕೊಟ್ಟಿಗೆಯ ಬಾಗಿಲು ಹಾಕಿಕೊಂಡಳು, ಮರುಕ್ಷಣವೇ ಸ್ಮಶಾನದಲ್ಲಿ ನಿಂತಿದ್ದಳು. ಪದ್ಮಾವತಿ ಮಾತು ತಡವರಿಸಿ ನಿಂತಳು. ಆಟ ಮುಗಿದ ಮೇಲೆ ಗುರುಶಾಂತಪ್ಪನನ್ನು ಕೇಳಿದಳು:

"ತೊಳಿಯೂದು ಎಲ್ಲಿ ಹೋತ್ರೀ?"

"ಫಿಲ್ಮ್ ಹರದಿತ್ರೀ ಅಕ್ಕಾರ. ತಗದು ಅಂಟಿಸೀನಿ." ಅವನು ತಲೆ ಎತ್ತಲಿಲ್ಲ.

ಹರಿದಿರಲಿಲ್ಲ. ಅಂದು ಆಟಕ್ಕೆ ಮೊದಲು ವಕೀಲರು ಪಕ್ಕದಲ್ಲಿ ನಿಂತು ಕತ್ತರಿಸಲು ಹೇಳಿದ್ದರು, ಅವನು ಕತ್ತರಿಸಿದ್ದ. ನಾನು ಅಲ್ಲೇ ಇದ್ದೆ. ಅದೇ ಮೊದಲಲ್ಲ. ಜಪಾನಿನ ಚಿತ್ರದ ತುಂಡು, ಬ್ರೆಜಿಲ್ ಚಿತ್ರದ ತುಂಡು, ಹೀಗೆ ಎಷ್ಟೋ ತುಂಡುಗಳನ್ನು ಅಂಟಿಸಿ ಒಂದು ಸುರುಳಿಯಾಗಿತ್ತು. ಭಾನುವಾರ ರಾತ್ರಿ ಊಟವಾದ ಮೇಲೆ ವಕೀಲರು ಸದಸ್ಯರಾಗಿದ್ದ ಕ್ಲಬ್ಬಿನ ಮಹಡಿಯ ಕೋಣೆಗೆ ನನ್ನನ್ನು ಹೊರುತ್ತಿದ್ದರು. ಕಿಟಕಿಗಳಿಗೆ ಕರಿ ಪರದೆ. 'ಅಧ್ಯಯನ ಗೋಷ್ಠಿ' ಎಂದು ಅದರ ಹೆಸರು. ಆ ಸುರುಳಿಯನ್ನು ನನ್ನ ಹಲ್ಲಿಗೆ ಸಿಕ್ಕಿಸುತ್ತಿದ್ದರು. ಒಂದು ಮೈ, ಇನ್ನೊಂದು ಮೈ, ಮತ್ತೊಂದು ಮೈ. ಮುಖ ಬಂದ ಕಡೆ ಅದನ್ನೂ ಕತ್ತರಿಸಿ ಬಿಸಾಕಿದ್ದರು. ಅರ್ಧ ಭೂಮಿ ಸುತ್ತಿ ಬಂದ ಸಿನಿಮಾ ಇವರ ಕೈಯಲ್ಲಿ ಆದದ್ದು ಇಷ್ಟು. ಎಲೆ ಅಡಿಕೆ ಜಗಿಯುತ್ತ, ಬೆವರುತ್ತ, "ಇನ್ನೊಮ್ಮೆ ಹಚ್ಚೋ," ಎನ್ನುತ್ತಿದ್ದರು. ಆ ಕೋಣೆಯ ವಾಸನೆ ನನ್ನ ಒಳಗಿನ ಫ್ಯಾನು ಎಳೆದುಕೊಂಡು ನನ್ನ ಹೊಟ್ಟೆಯಲ್ಲೇ ಸುತ್ತಿಸುತ್ತಿತ್ತು. ವಾಂತಿ ಮಾಡುವ ಅಂಗ ನನಗಿದ್ದಿದ್ದರೆ ಅಲ್ಲೇ ಮಾಡುತ್ತಿದ್ದೆ.

ಗುರುಶಾಂತಪ್ಪನಿಗೂ ಸಾಕಾಗಿತ್ತು. ಅವನಿಗೆ ಬೆಳೆದ ಹೆಣ್ಣುಮಕ್ಕಳಿದ್ದರು. ಒಂದು ದಿನ ಪದ್ಮಾವತಿಗೆ ಎಲ್ಲವನ್ನೂ ಹೇಳಿಬಿಟ್ಟ. ಅವಳು ಕೂಗಾಡಲಿಲ್ಲ. "ಮುಂದಿನದು ಯಾವಾಗ ಐತಿ?" ಎಂದಷ್ಟೇ ಕೇಳಿದಳು.

ಆ ಭಾನುವಾರ ಗುರುಶಾಂತಪ್ಪ ಸುರುಳಿ ಹೂಡಿ ಸಿದ್ಧನಾಗಿದ್ದ. ಬಾಗಿಲು ತೆರೆಯಿತು. ಪದ್ಮಾವತಿ ಒಳಗೆ ಬಂದು ನನ್ನ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತಳು. ವಕೀಲರು ಎದ್ದರು.

"ಪದ್ಮಾವತಿಯವರ, ಇದು ನೀವು ಬರೋ ಜಾಗಾ ಅಲ್ಲ."

"ಸಿನಿಮಾ ತೋರಸ್ತೀರಿ ಅಂದ್ರ ಹೇಳಾವ್ರು ಬೇಕಲ್ರೀ ಸರ್. ನಿಮಗ ಕಥಿ ತಿಳೀಬೇಕಲ್ಲ." ಆಮೇಲೆ ಗುರುಶಾಂತಪ್ಪನ ಕಡೆ ತಿರುಗಿದಳು. "ಹಚ್ಚ್ರಿ."

ಅವನು ಗುಂಡಿ ಒತ್ತಿದ. ನಾನು ಓಡಿದೆ.

ಮೊದಲು ಜಪಾನಿನ ಹೆಣ್ಣು, ಕಡಲ ದಂಡೆಯಲ್ಲಿ ಒದ್ದೆ ಬಟ್ಟೆ ಕಳಚುತ್ತಿದ್ದಳು. ಪದ್ಮಾವತಿ ಮೈಕ್ ಇಲ್ಲದೆಯೇ, ಎಕ್ಸ್‌ಚೇಂಜಿನಲ್ಲಿ ನಂಬರ್ ಹೇಳುವಷ್ಟೇ ಸ್ಪಷ್ಟವಾಗಿ ಹೇಳಿದಳು: "ಈಕಿ ಮುತ್ತು ಹೆಕ್ಕಾಕಿ. ಈಕಿ ಗಂಡ ಬಿರುಗಾಳ್ಯಾಗ ಹೋಗ್ಯಾನ. ಮುಂಜಾನಿಂದ ನೀರಾಗ ಮುಳುಗಿ ಮುಳುಗಿ ಹುಡುಕ್ಯಾಳ, ಹೆಣಾ ಸಿಕ್ಕಿಲ್ಲ. ನೀವು ಕತ್ತರಿಸಿ ಒಗದಿರಲ್ಲ, ಆ ತುಂಡಿನಾಗ ಈಕಿ ದಂಡಿಗೆ ಬಂದು ಗಂಡನ ಹೆಸರು ಕೂಗ್ತಾಳ."

ಯಾರೋ ಕೆಮ್ಮಿದರು.

ಬ್ರೆಜಿಲಿನ ಕಬ್ಬಿನ ಗದ್ದೆಯ ಗುಡಿಸಲು. "ಈಕಿಗೆ ಹದಿನೈದು ವರ್ಷ. ಬಾಗಲದಾಗ ನಿಂತಾವ ಜಮೀನ್ದಾರ. ಹೊರಗ ಈಕಿ ಅಪ್ಪ ತಲಿ ಬಗ್ಗಿಸಿ ಕುಂತಾನ, ಒಳಗ ಬರಾಕ ಅವಗ ಧೈರ್ಯ ಇಲ್ಲ. ಡಾಕ್ಟರ ಸಾಹೇಬ್ರ, ನಿಮ್ಮ ಮಗಳಿಗೆ ಎಷ್ಟರೀ ವಯಸ್ಸು ಈಗ?"

ಡಾಕ್ಟರು ಎದ್ದು, ಯಾರ ಮುಖವನ್ನೂ ನೋಡದೆ ಬಾಗಿಲ ಕಡೆ ನಡೆದರು. ಪ್ರಾಧ್ಯಾಪಕರು ಕತ್ತಲಲ್ಲಿ ಬಗ್ಗಿ ಚಪ್ಪಲಿ ತಡಕಾಡತೊಡಗಿದರು.

"ಬಂದ್ ಮಾಡೋ ಅದನ್ನ!" ವಕೀಲರು ಚೀರಿದರು. ಗುರುಶಾಂತಪ್ಪ ಕೈಕಟ್ಟಿ ಗೋಡೆಗೆ ಒರಗಿ ನಿಂತಿದ್ದ.

ಹಂಗೇರಿಯ ಕೊಟ್ಟಿಗೆ ಬಂತು. ಒದ್ದೆ ಬಟ್ಟೆ, ತಾಯಿಯ ಕೈ, ಮಗಳ ಭುಜ. ಪದ್ಮಾವತಿ ಕುರ್ಚಿಗಳಲ್ಲಿ ಉಳಿದಿದ್ದವರ ಕಡೆ ತಿರುಗಿದಳು. "ಇದು ಹೆಣ ಐತ್ರೀ," ಎಂದಳು. "ಸಿಳ್ಳಿ ಹೊಡದಿದ್ರಲ್ಲ, ಈಗೂ ಹೊಡೀರಿ. ನಾ ಕೇಳ್ತೀನಿ."

ಯಾರೂ ಹೊಡೆಯಲಿಲ್ಲ. ಸುರುಳಿ ಮುಗಿದು ಬಾಲ ನನ್ನ ಮೈಗೆ ಪಟಪಟ ಬಡಿಯುತ್ತಿದ್ದಾಗ ಕೋಣೆಯಲ್ಲಿ ಉಳಿದದ್ದು ಪದ್ಮಾವತಿ, ಗುರುಶಾಂತಪ್ಪ ಮತ್ತು ವಕೀಲರು. ಅವಳು ಸುರುಳಿಯನ್ನು ತೆಗೆದು ತನ್ನ ಚೀಲದಲ್ಲಿ ಹಾಕಿಕೊಂಡಳು. ವಕೀಲರು ಅಡ್ಡ ಬಂದರು. "ಎಲ್ಲಿಗೆ ಒಯ್ತೀರಿ? ಅದು ಸಮಾಜದ ಆಸ್ತಿ."

"ಇವು ಕದ್ದ ತುಂಡು. ಯಾರದವೋ ಅವರಿಗೆ ಮುಟ್ಟಸ್ತೀನಿ. ಬಾಗಲ ಬಿಡ್ರಿ."

ಅವರು ಬಿಟ್ಟರು.

ಪದ್ಮಾವತಿ ರಜೆ ಹಾಕಿ, ಪುಣೆಯ ರೈಲು ಹತ್ತಿ, ಅಲ್ಲಿನ ಸಂಗ್ರಹಾಲಯಕ್ಕೆ ತುಂಡುಗಳನ್ನು ಒಪ್ಪಿಸಿ ಬಂದಳು. ಆಮೇಲೆ ಹುಬ್ಬಳ್ಳಿಗೆ ಡಬ್ಬಿಗಳು ಬರುವುದು ನಿಂತಿತು. ಸರಿಯೇ ಅದು. ಅದಾದ ಮೇಲೆ ನಡೆದದ್ದನ್ನು ನೆನೆದರೆ ನನಗೆ ಇಂದಿಗೂ ಅಸಹ್ಯ. ಸಮಿತಿ ಸಭೆ ಸೇರಿತು. ಆ ಮಹಡಿಯ ಕೋಣೆಯಲ್ಲಿ ಎಲೆ ಅಡಿಕೆ ಜಗಿದವರೇ ಗಂಭೀರ ಮುಖ ಹೊತ್ತು ಕೂತರು. ಊರಿನ ಸಾಂಸ್ಕೃತಿಕ ಬದುಕಿಗೆ ಕೊಡಲಿಯೇಟು ಹಾಕಿದವಳು ಆ ಟೆಲಿಫೋನ್ ಹೆಂಗಸು ಎಂದು ಠರಾವಾಯಿತು. ಗುರುಶಾಂತಪ್ಪನನ್ನು ತೆಗೆದುಹಾಕಿದರು. ವಾರದೊಳಗೆ ಊರಲ್ಲಿ ಸುದ್ದಿ ಹಬ್ಬಿತು: ಕ್ಲಬ್ಬಿನ ಮಹಡಿಯಲ್ಲಿ ಗಂಡಸರ ಜೊತೆ ಕೂತು ಹೊಲಸು ಸಿನಿಮಾ ನೋಡುತ್ತಿದ್ದವಳು ಪದ್ಮಾವತಿ. ಎಕ್ಸ್‌ಚೇಂಜಿಗೆ ಕರೆ ಮಾಡಿ ಅವಳ ಧ್ವನಿ ಕೇಳಿದೊಡನೆ ಸಿಳ್ಳೆ ಹಾಕಿ ಇಡುವವರು ಹುಟ್ಟಿಕೊಂಡರು. ಒಂದು ಒಳ್ಳೆಯ ಸಂಬಂಧ ಮಾತಿಗೆ ಬಂದಿತ್ತು, ಮುರಿಯಿತು. ಅವಳು ತಾಯಿಯನ್ನು ಕರೆದುಕೊಂಡು ವಿಜಾಪುರಕ್ಕೆ ವರ್ಗ ಮಾಡಿಸಿಕೊಂಡು ಹೋದಳು. ಇದನ್ನೆಲ್ಲ ನಾನು ವಕೀಲರ ಮನೆಯ ಹೊರಕೋಣೆಯ ಮೇಜಿನ ಕೆಳಗೆ ಬಿದ್ದು ಕೇಳಿದೆ. ಅಲ್ಲಿ ಅವರು ಈ ಸುದ್ದಿಯನ್ನು ಹೇಳಿ ಹೇಳಿ ನಗುತ್ತಿದ್ದರು.

ಮುಂದೆ ನಾನು ಕೈ ಬದಲಾಯಿಸುತ್ತ ಹೋದೆ. ಕುಟುಂಬ ಯೋಜನೆಯ ಚಿತ್ರ ತೋರಿಸುವವರು ಒಯ್ದರು, ಗಣಪತಿ ಹಬ್ಬದ ಮಂಡಳಿಯವರು ಒಯ್ದರು. ಮನೆಮನೆಗೆ ಟೀವಿ ಬಂತು, ಬೀದಿಗೊಂದು ವಿಡಿಯೊ ಪಾರ್ಲರ್ ಬಂತು, ಕತ್ತರಿಸುವ ಕಷ್ಟವೂ ಇಲ್ಲದಂತೆ ಬರೀ ತುಂಡುಗಳದ್ದೇ ಕ್ಯಾಸೆಟ್ ಸಿಗತೊಡಗಿತು. ನನ್ನ ದೀಪ ಒಡೆಯಿತು, ಬೇರೆ ದೀಪ ಸಿಗಲಿಲ್ಲ. ಗುಜರಿ ಅಂಗಡಿಯಲ್ಲಿ ಹಳೆಯ ಸೈಕಲ್ಲುಗಳ ನಡುವೆ ಬಹಳ ಕಾಲ ಕಳೆದೆ. ಹೇಳಬೇಕೆಂದರೆ ನನ್ನ ಬದುಕಿನ ಶುದ್ಧವಾದ ದಿನಗಳು ಅವೇ.

ಅಲ್ಲಿಂದ ನನ್ನನ್ನು ಎತ್ತಿ ತಂದದ್ದು ಒಂದು ಕಾಲೇಜಿನವರು. ಒರೆಸಿ, ವಾರ್ನಿಶ್ ಬಳಿದು, ಗಾಜಿನ ಪೆಟ್ಟಿಗೆ ಬರುವವರೆಗೆ ಸಭಾಂಗಣದ ಬಾಗಿಲಲ್ಲಿ ಇಟ್ಟರು. ಚಿತ್ರೋತ್ಸವವಂತೆ. 'ಉತ್ತರ ಕರ್ನಾಟಕದ ಸಿನಿಮಾ ಸಂಸ್ಕೃತಿಯ ಪಿತಾಮಹ' ಎಂದು ಬರೆದ ಬ್ಯಾನರಿನ ಕೆಳಗೆ ಇನಾಮತಿ ವಕೀಲರಿಗೆ ಸನ್ಮಾನ. ಎಂಬತ್ತು ದಾಟಿದ್ದರು. ಅಂಗಿಗೆ ಅದೇ ಇಸ್ತ್ರಿ, ಬಾಯಲ್ಲಿ ಅದೇ ಏಲಕ್ಕಿ. "ಆ ಕಾಲಕ್ಕ ನಮ್ಮ ಜನಕ್ಕ ಇಂಗ್ಲಿಷ್ ತಿಳೀತಿದ್ದಿಲ್ಲ. ನಾನ ಮೈಕ್ ಹಿಡದು ಕನ್ನಡದಾಗ ಹೇಳ್ತಿದ್ದೆ," ಎಂದು ಮೈಕಿನಲ್ಲಿ ಹೇಳಿದರು. ಚಪ್ಪಾಳೆ ಬಿತ್ತು. ಯುವಕರು ಎದ್ದು ನಿಂತು ತಟ್ಟಿದರು. ಅವರಿಗೇನು ಗೊತ್ತು.

ಕಾರ್ಯಕ್ರಮ ಮುಗಿದು ವಕೀಲರು ಬಾಗಿಲಿಗೆ ಬಂದು, ಫೋಟೋದವನಿಗಾಗಿ ನನ್ನ ಮೇಲೆ ಕೈಯೂರಿ ನಿಂತರು. ಬೆವರಿನ, ಮೆತ್ತನೆಯ ಕೈ. ಆಗ ಗುಂಪಿನ ಹಿಂದಿನಿಂದ ಒಬ್ಬ ಮುದುಕಿ ನಿಧಾನವಾಗಿ ಬಂದಳು. ನಿವೃತ್ತಿಯಾಗಿ ಊರಿಗೆ ಮರಳಿದ್ದಳಂತೆ, ಪತ್ರಿಕೆಯಲ್ಲಿ ನೋಡಿ ಬಂದಿದ್ದಳು. ಭಾಷಣವನ್ನೆಲ್ಲ ಹಿಂದಿನ ಸಾಲಿನಲ್ಲಿ ಕೂತು ಕೇಳಿದ್ದಳು.

ವಕೀಲರ ಮುಖ ಬಿಳಿಚಿಕೊಂಡಿತು. ಆದರೆ ಅಭ್ಯಾಸ ಬಿಡಲಿಲ್ಲ. ನಗು ತಂದುಕೊಂಡು, "ಓಹೋ, ಪದ್ಮಾವತಿಯವರು! ಹಳೇದೆಲ್ಲಾ ಹೋತು ಬಿಡ್ರಿ. ಬರ್ರಿ, ಇದರ ಜೋಡಿ ಒಂದು ಫೋಟೋ ತಗಸೂಣು," ಎಂದರು.

ಪದ್ಮಾವತಿ ಅವರನ್ನು ನೋಡಲಿಲ್ಲ. ನನ್ನ ಮೇಲಿದ್ದ ಕೈಯನ್ನು ನೋಡಿದಳು.

"ಮೊದಲ ಆ ಕೈ ತಗೀರಿ," ಎಂದಳು. "ಆಮ್ಯಾಲೆ ನಿಲ್ತೀನಿ."

ಅದೇ ಧ್ವನಿ. ವಯಸ್ಸು ಅದನ್ನು ಮುಟ್ಟಿರಲಿಲ್ಲ. ಬಾಗಿಲಲ್ಲಿದ್ದ ಜನರೆಲ್ಲ ತಿರುಗಿ ನೋಡಿದರು. ವಕೀಲರು ಕೈ ತೆಗೆದರು. ಒಂದು ಹೆಜ್ಜೆ ಸರಿದರು. ಅವಳು ಇನ್ನೂ ಕಾಯುತ್ತಿರುವುದನ್ನು ಕಂಡು ಮತ್ತಷ್ಟು ಸರಿದು, ಚಿತ್ರದ ಚೌಕಟ್ಟಿನಿಂದ ಪೂರ್ತಿ ಆಚೆ ಹೋದರು. ಅವಳು ನನ್ನ ಪಕ್ಕದಲ್ಲಿ ನಿಂತಳು. ಫೋಟೋದವನು ಗೊಂದಲದಲ್ಲೇ ಒಂದು ಕ್ಲಿಕ್ ಮಾಡಿದ. ಯಾರಿಗೂ ಏನೂ ವಿವರಿಸದೆ, ಕೊಡೆ ಊರಿಕೊಂಡು ಮೆಟ್ಟಿಲಿಳಿದು ಹೋದಳು.

ಮರುದಿನದ ಪತ್ರಿಕೆಯಲ್ಲಿ ವಕೀಲರ ಭಾಷಣದ ಚಿತ್ರವೇ ಬಂದಿತ್ತು ಎಂದು ಜವಾನರು ಮಾತಾಡಿಕೊಂಡರು. ಇರಲಿ. ಈಗ ನಾನು ಗಾಜಿನೊಳಗೆ ಇದ್ದೇನೆ. ಹಾದುಹೋಗುವವರು ಒಂದು ನಿಮಿಷ ನಿಂತು, ಎಷ್ಟು ಒಳ್ಳೆಯ ಕಾಲವಿತ್ತು ಎಂದು ನಿಟ್ಟುಸಿರು ಬಿಡುತ್ತಾರೆ. ಪೆಟ್ಟಿಗೆ ಮುಚ್ಚುವ ಮುನ್ನ ಯಾರೂ ನನ್ನನ್ನು ಒರೆಸಲಿಲ್ಲ. ವಾರ್ನಿಶ್ಶಿನ ಮೇಲೆ ಆ ಕೈಯ ಐದು ಬೆರಳಿನ ಜಿಡ್ಡು ಹಾಗೆಯೇ ಕೂತಿದೆ. ಬೆಳಕು ಓರೆಯಾಗಿ ಬಿದ್ದಾಗ ನಿಮಗೂ ಕಾಣಿಸುತ್ತದೆ.